ಆಟ ಆಡಿಸೋದಾ, ಓದಿ ಹೇಳೋದಾ? ಎರಡೂವರೆ ವರ್ಷದ ಮಗಳ ಸಂಜೆಯ ಒಂದು ಗಂಟೆ

ಪುಟ್ಟಿ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎರಡೂವರೆ ವರ್ಷ. ನಾನೂ ಹೆಂಡತಿಯೂ ಇಬ್ಬರೂ ಕೆಲಸಕ್ಕೆ ಹೋಗುವವರು. ಸಂಜೆ ಮನೆ ಸೇರಿ ಅವಳ ಊಟ ಮುಗಿಸಿದ ಮೇಲೆ, ಮಲಗೋ ಹೊತ್ತಿನವರೆಗೆ ನಮಗೆ ಸಿಗೋದು ಹೆಚ್ಚುಕಮ್ಮಿ ಒಂದು ಗಂಟೆ. ಆ ಒಂದು ಗಂಟೆಯ ಬಗ್ಗೆಯೇ ನನ್ನ ಪ್ರಶ್ನೆ.

ಪುಸ್ತಕ ತೆಗೆದರೆ ಕೂರೋದಿಲ್ಲ. ನಾನು ಮೊದಲ ಸಾಲು ಓದೋದ್ರೊಳಗೆ ನಾಲ್ಕು ಪುಟ ಮಗುಚಿರ್ತಾಳೆ. ಕೆಲವೊಮ್ಮೆ ಹಿಂದಿನಿಂದ ಶುರು ಮಾಡ್ತಾಳೆ. ನಾಯಿಮರಿ ಕಳೆದುಹೋಗುವ ಒಂದು ಪುಸ್ತಕ ಇದೆ, ದಿನಾ ಅದೇ ಬೇಕು. ಬೇರೆ ತೆರೆದರೆ ಕೈಯಿಂದ ಕಿತ್ಕೊಂಡು ಆಚೆ ಇಡ್ತಾಳೆ. ಹೊಸ ಪುಸ್ತಕಗಳು ತಂದಿಟ್ಟ ಹಾಗೇ ಇವೆ.

ಅವಳಿಗೆ ನಿಜವಾಗಿ ಬೇಕಿರೋದು ನೆಲದ ಮೇಲೆ ಉರುಳಾಡೋದು, ಬ್ಲಾಕ್ಸ್ ಕಟ್ಟಿ ಬೀಳಿಸೋದು, ನನ್ನ ಬೆನ್ನು ಹತ್ತೋದು. ಇರೋ ಒಂದು ಗಂಟೆಯನ್ನ ಆಟಕ್ಕೇ ಕೊಟ್ಟರೆ ಓದಿನ ಅಭ್ಯಾಸ ಆಗೋದು ಯಾವಾಗ ಅಂತ ಹೆಂಡತಿಗೆ ಚಿಂತೆ. ಒತ್ತಾಯ ಮಾಡಿ ಕೂರಿಸಿದರೆ ಪುಸ್ತಕ ಅಂದ್ರೇನೇ ಮುಖ ತಿರುಗಿಸೋ ಹಾಗಾದೀತು ಅಂತ ನನಗೆ ಭಯ. ಮನೆಗೆ ಬಂದವರೆಲ್ಲ ‘ಮೊಬೈಲ್‌ನಲ್ಲಿ ಅಕ್ಷರದ ವಿಡಿಯೋ ಹಾಕಿ, ತಾನೇ ಕಲೀತಾಳೆ’ ಅಂತಾರೆ. ಅನುಭವ ಇರೋರು ಹೇಳಿ.

ಶಿಶುವಿಹಾರದ ಟೀಚರ್

ಸರ್, ಮೊದಲು ಒಂದು ಮಾತು. ನಿಮ್ಮ ಮಗಳು ಪುಸ್ತಕವನ್ನು ಬೇಡ ಅಂದಿಲ್ಲ. ಪುಟ ಮಗುಚುತ್ತಿದ್ದಾಳೆ, ಒಂದನ್ನು ಆರಿಸಿಕೊಂಡಿದ್ದಾಳೆ, ಮಿಕ್ಕವನ್ನು ಪಕ್ಕಕ್ಕಿಟ್ಟಿದ್ದಾಳೆ. ಅವಳು ಬೇಡ ಅಂದಿರುವುದು ಸುಮ್ಮನೆ ಕೂತು ಕೇಳಿಸಿಕೊಳ್ಳುವುದನ್ನು. ಈ ವಯಸ್ಸಿನಲ್ಲಿ ಅದನ್ನು ಕೇಳುವುದೇ ಅನ್ಯಾಯ.

ಸಾಲುಗಳನ್ನು ಓದುವುದನ್ನು ಸದ್ಯಕ್ಕೆ ಬಿಟ್ಟುಬಿಡಿ. ಅವಳು ತೆರೆದ ಪುಟದಲ್ಲಿ, ಅವಳು ಬೆರಳಿಟ್ಟ ಚಿತ್ರದ ಬಗ್ಗೆ ಮಾತಾಡಿ. ಅವಳು ‘ನಾಯಿ’ ಅಂದರೆ ನೀವು ‘ಹೌದು, ಒದ್ದೆಯಾಗಿರೋ ನಾಯಿ. ಯಾಕೆ ಒದ್ದೆಯಾಗಿದೆ?’ ಅನ್ನಿ. ಉತ್ತರ ಬರಲಿಕ್ಕೆ ಹೊತ್ತು ಬಿಡಿ. ನಮ್ಮಲ್ಲಿ ಹೆಚ್ಚಿನವರು ಮಗು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಅವಳು ‘ಮಳೆ’ ಅಂದರೆ ‘ಮಳೇಲಿ ನೆನೆದುಬಿಡ್ತು, ಪಾಪ’ ಅಂತ ಅವಳ ಒಂದು ಪದವನ್ನು ಒಂದು ವಾಕ್ಯ ಮಾಡಿ ವಾಪಸ್ ಕೊಡಿ. ಅಷ್ಟೇ ಕೆಲಸ. ದಿನ ಕಳೆದ ಹಾಗೆ ಕಥೆ ಹೇಳುವವಳು ಅವಳಾಗಬೇಕು, ಕೇಳುವವರು ನೀವಾಗಬೇಕು.

ಇದು ನಾನು ಕಟ್ಟಿದ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ತಂಡ 1988ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಸುಮಾರು ಎರಡರಿಂದ ಮೂರು ವರ್ಷದ ಮಕ್ಕಳು, ಒಂದು ತಿಂಗಳ ಕಾಲ, ಮನೆಯಲ್ಲೇ. ಎರಡು ಗುಂಪಿನ ತಂದೆತಾಯಿಯರೂ ಓದಿ ಹೇಳುತ್ತಿದ್ದರು. ಒಂದು ಗುಂಪಿಗೆ ಮಾತ್ರ ಹೀಗೆ ಪ್ರಶ್ನೆ ಕೇಳುವ, ಮಗುವಿನ ಮಾತನ್ನು ಬೆಳೆಸುವ ರೀತಿಯನ್ನು ಹೇಳಿಕೊಟ್ಟಿದ್ದರು. ತಿಂಗಳ ಕೊನೆಗೆ ಮಾತಿನಲ್ಲಿ ಆ ಮಕ್ಕಳೇ ಮುಂದಿದ್ದರು. ಎಷ್ಟು ಪುಸ್ತಕ ಮುಗಿಯಿತು ಎನ್ನುವುದಕ್ಕಿಂತ ಹೇಗೆ ಓದಿದೆವು ಎನ್ನುವುದರ ತೂಕ ಹೆಚ್ಚು ಅಂತ ನಾನು ನಂಬುವುದು ಇದಕ್ಕೇ.

ಅವಳಿ ಅಮ್ಮ

ಟೀಚರ್ ಹೇಳಿದ್ದಕ್ಕೆ ನನ್ನದೂ ಕೈ. ಅದರ ಜೊತೆಗೆ ಮನೆಯ ಜೋಡಣೆ ಬಗ್ಗೆ ಸ್ವಲ್ಪ ಹೇಳ್ತೀನಿ, ಇದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ನಿಮ್ಮ ಪುಸ್ತಕಗಳು ಎಲ್ಲಿವೆ? ಬೀರುವಿನ ಮೇಲಿನ ಅರೆಯಲ್ಲಿದ್ರೆ ಮಗುವಿನ ಪಾಲಿಗೆ ಇಲ್ಲ ಅಂತಲೇ ಅರ್ಥ. ನಮ್ಮನೇಲಿ ಗೋಡೆ ಪಕ್ಕ, ನೆಲಕ್ಕೆ ಹತ್ತಿರ, ಮುಖಪುಟ ಕಾಣೋ ಹಾಗೆ ನಾಲ್ಕೈದು ಇಟ್ಟಿರ್ತೀವಿ. ಬೆನ್ನು ಮಾತ್ರ ಕಾಣೋ ಹಾಗೆ ಜೋಡಿಸಿದ್ರೆ ಓದು ಬಾರದ ಮಗುಗೆ ಯಾವುದು ಯಾವುದಂತ ಗೊತ್ತಾಗೋದು ಹೇಗೆ? ಆಗಾಗ ಎರಡನ್ನ ಒಳಗಿಟ್ಟು ಬೇರೆ ಎರಡು ಹೊರಗೆ. ‘ಇದನ್ನ ಓದೋಣ ಬಾ’ ಅಂತ ಕರೆಯಲ್ಲ, ಅವರೇ ತಗೊಂಡು ಬರ್ತಾರೆ.

ಆಟದ ಸಾಮಾನಿಗೂ ಇದೇ ನಿಯಮ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಓದಿದ್ದೆ. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳ ಮುಂದೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಇಟ್ಟು ನೋಡಿದ್ರು. ನಾಲ್ಕೇ ಇದ್ದಾಗ ಒಂದೊಂದರ ಜೊತೆ ಹೆಚ್ಚು ಹೊತ್ತು, ಬೇರೆ ಬೇರೆ ರೀತಿ ಆಡಿದ್ರು. ರಾಶಿ ಹಾಕಿದ್ರೆ ಒಂದನ್ನ ಎತ್ತಿ, ಬಿಸಾಕಿ, ಮುಂದಿನದಕ್ಕೆ ಹೋಗೋದೇ ಆಗುತ್ತೆ. ಬಟನ್ ಒತ್ತಿದ್ರೆ ಹಾಡೋ ಆಟಿಕೆಗಳನ್ನಂತೂ ನಾನು ಎತ್ತಿಟ್ಟೇಬಿಟ್ಟೆ. ಆಟಿಕೆ ಮಾತಾಡ್ತಿದ್ರೆ ಮನೆಯವರು ಸುಮ್ಮನಾಗಿಬಿಡ್ತಾರೆ. ಅದಕ್ಕೂ ಅಧ್ಯಯನ ಇದೆ, 2015ರದ್ದು: ಒಂದು ವರ್ಷದ ಆಸುಪಾಸಿನ ಮಕ್ಕಳ ಜೊತೆ ದೊಡ್ಡವರು ಅತಿ ಕಡಿಮೆ ಮಾತಾಡಿದ್ದು ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ, ಹೆಚ್ಚು ಮಾತಾಡಿದ್ದು ಪುಸ್ತಕ ಇದ್ದಾಗ.

ಅಕ್ಷರ ಮೊದಲು

ಎಲ್ಲರಿಗಿಂತ ಸ್ವಲ್ಪ ಬೇರೆ ಅಭಿಪ್ರಾಯ ನನ್ನದು, ಬೇಸರ ಮಾಡ್ಕೋಬೇಡಿ. ಮಗನಿಗೆ ಮೂರು ತುಂಬೋ ಹೊತ್ತಿಗೆ ಅಕ್ಷರಗಳೆಲ್ಲ ಗುರುತು ಸಿಗ್ತಿತ್ತು. ದಿನಾ ಹತ್ತು ನಿಮಿಷ ಕೂರಿಸ್ತಿದ್ದೆ. ಮುಂದೆ ಶಾಲೆಯಲ್ಲಿ ಅವನಿಗೆ ತುಂಬಾ ಸಲೀಸಾಯ್ತು. ಚಿತ್ರ ನೋಡೋದು, ಮಾತಾಡೋದು ಎಲ್ಲ ಸರಿ, ಆದರೆ ಕೊನೆಗೆ ಓದು ಅಂದ್ರೆ ಅಕ್ಷರ. ಶಿಸ್ತು ಚಿಕ್ಕಂದಿನಿಂದಲೇ ಬರಬೇಕು. ಮಗು ಹೇಳಿದ ಹಾಗೆ ನಾವು ಕುಣಿದರೆ ಕೂತು ಕಲಿಯೋ ಅಭ್ಯಾಸ ಬರೋದು ಎಲ್ಲಿಂದ?

ಮಾತಿನ ಥೆರಪಿಸ್ಟ್

ಮಾತು ತಡವಾದ ಮಕ್ಕಳ ಜೊತೆ ಕೆಲಸ ಮಾಡುವವಳು ನಾನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಕ್ಷರ ಮೊದಲು ಅವರೇ, ನಿಮ್ಮ ಮಗನಿಗೆ ಅಕ್ಷರದ ಮೇಲೆ ಆಸೆ ಇತ್ತು ಅಂತ ಕಾಣುತ್ತದೆ, ಅವನು ಕೂತ. ಆಸೆ ಇರುವ ಮಗುವಿಗೆ ತೋರಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲ ಮಕ್ಕಳಿಗೂ ಅದನ್ನೇ ದಾರಿ ಅಂತ ಹೇಳಲಿಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಓದಿ ಹೇಳುವಾಗ ಮಕ್ಕಳ ಕಣ್ಣು ಎಲ್ಲಿರುತ್ತದೆ ಅಂತ ಕಣ್ಣಿನ ಚಲನೆ ಅಳೆಯುವ ಉಪಕರಣ ಇಟ್ಟು 2005ರಲ್ಲಿ ಕೆನಡಾದ ಸಂಶೋಧಕರು ನೋಡಿದರು. ನಾಲ್ಕು ವರ್ಷ ದಾಟಿದ ಮಕ್ಕಳು ಕೂಡ ಹೆಚ್ಚುಕಡಿಮೆ ಪೂರ್ತಿ ಹೊತ್ತು ನೋಡಿದ್ದು ಚಿತ್ರವನ್ನೇ. ಓದಿ ಹೇಳುವ ಹೊತ್ತಿನಲ್ಲಿ ಬೆಳೆಯುವುದು ಪದಸಂಪತ್ತು, ಕಥೆಯ ತಿಳುವಳಿಕೆ, ಕಾರಣ ಕೇಳುವ ಬುದ್ಧಿ. ಮುಂದೆ ಅಕ್ಷರ ಕೂಡಿಸಿ ಓದಿದಾಗ ಆ ಪದದ ಅರ್ಥ ತಲೆಯಲ್ಲಿ ಮೊದಲೇ ಇರಬೇಕಲ್ಲ, ಅದು ಇಲ್ಲಿಂದ ಬರುತ್ತದೆ.

ಅದೇ ಪುಸ್ತಕ ದಿನಾ ಬೇಕು ಅನ್ನುವುದರ ಬಗ್ಗೆ. ಪುಟ್ಟಿ ಅಪ್ಪ, ದಯವಿಟ್ಟು ಆ ನಾಯಿಮರಿಯ ಪುಸ್ತಕವನ್ನು ಬಚ್ಚಿಡಬೇಡಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸ್ಸಿಕಾ ಹಾರ್ಸ್ಟ್ ಮತ್ತು ಜೊತೆಗಾರರು 2011ರಲ್ಲಿ ಮೂರು ವರ್ಷದ ಮಕ್ಕಳಿಗೆ ಕಥೆ ಓದಿದರು. ಕೆಲವರಿಗೆ ಅದದೇ ಕಥೆ, ಕೆಲವರಿಗೆ ಬೇರೆ ಬೇರೆ. ಹೊಸ ಪದಗಳು ಎರಡೂ ಗುಂಪಿನ ಕಿವಿಗೆ ಅಷ್ಟೇ ಸಲ ಬೀಳುವಂತೆ ನೋಡಿಕೊಂಡಿದ್ದರು. ಪದಗಳು ಗಟ್ಟಿಯಾಗಿ ಉಳಿದದ್ದು ಅದೇ ಕಥೆ ಕೇಳಿದವರಲ್ಲಿ. ಮೊದಲ ಸಲ ಮಗು ಏನಾಯಿತು ಅಂತ ನೋಡುತ್ತದೆ. ಮುಂದೇನಾಗುತ್ತದೆ ಅಂತ ಗೊತ್ತಾದ ಮೇಲೆ ಮಿಕ್ಕ ಪದಗಳಿಗೆ ಗಮನ ಕೊಡಲು ಬಿಡುವಾಗುತ್ತದೆ. ನಿಮಗೆ ಬೇಸರವಾದರೆ ಒಂದು ಪದ ತಪ್ಪು ಓದಿ ನೋಡಿ, ಅವಳೇ ತಿದ್ದುತ್ತಾಳೆ. ಅದೇ ಒಳ್ಳೇ ಆಟ.

ಇನ್ನು ಅಕ್ಷರದ ವಿಡಿಯೋ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಮಾತು ಕಲಿಸುವ ಕೆಲಸವನ್ನು ವಿಡಿಯೋಗೆ ವಹಿಸಬೇಡಿ. ಅಮೆರಿಕದ ಸಂಶೋಧಕಿ ಪೆಟ್ರೀಶಿಯಾ ಕೂಲ್ ಅವರ 2003ರ ಪ್ರಯೋಗದಲ್ಲಿ ಇಂಗ್ಲಿಷ್ ಮನೆಮಾತಿನ 9 ತಿಂಗಳ ಕೂಸುಗಳ ಜೊತೆ ಚೀನಾದ ಮ್ಯಾಂಡರಿನ್ ಭಾಷೆ ಮಾತಾಡುವವರು ಎದುರಿಗೆ ಕೂತು, ಪುಸ್ತಕ ತೋರಿಸುತ್ತಾ, ಆಟ ಆಡುತ್ತಾ ಮಾತಾಡಿದರು. ಆ ಮಕ್ಕಳು ಮ್ಯಾಂಡರಿನ್ ವ್ಯಂಜನಗಳ ವ್ಯತ್ಯಾಸ ಗುರುತಿಸಲು ಕಲಿತರು. ಅದೇ ಜನ, ಅದೇ ಮಾತು ವಿಡಿಯೋದಲ್ಲಿ ಬಂದಾಗ ಏನೂ ಕಲಿಯಲಿಲ್ಲ. ವಿಡಿಯೋ ಮಗುವಿನ ಮುಖ ನೋಡಿ ನಿಲ್ಲುವುದಿಲ್ಲ, ಅದು ಬೆರಳು ತೋರಿಸಿದ ಕಡೆ ತಿರುಗುವುದಿಲ್ಲ. 2 ವರ್ಷ ತುಂಬುವವರೆಗೆ ಸ್ಕ್ರೀನ್ ಮುಂದೆ ಕೂರಿಸುವುದು ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿಮ್ಮ ಮಗಳ ವಯಸ್ಸಿಗೆ ದಿನವಿಡೀ ಕೂಡಿಸಿ 180 ನಿಮಿಷ ಮೈಕೈ ಆಡಬೇಕು ಅಂತಲೂ ಅದೇ ಮಾರ್ಗಸೂಚಿಯಲ್ಲಿದೆ. ಬೆನ್ನು ಹತ್ತೋದು, ಉರುಳಾಡೋದು ಆ ಲೆಕ್ಕಕ್ಕೇ ಸೇರಿದ್ದು. ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ.

ಒಂದು ಎಚ್ಚರಿಕೆ, ಈ ದಾರಿಯಲ್ಲಿ ಬಂದು ಓದುವ ಬೇರೆಯವರಿಗೂ. ಎರಡು ವರ್ಷ ತುಂಬಿಯೂ ಎರಡು ಪದ ಜೋಡಿಸಿ ಹೇಳದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದ್ದರ ಕಡೆ ಬೆರಳು ತೋರಿಸದಿದ್ದರೆ, ಬರುತ್ತಿದ್ದ ಪದಗಳು ನಿಂತುಹೋದರೆ, ‘ಮುಂದೆ ಸರಿಹೋಗುತ್ತೆ’ ಅಂತ ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ. ಬೇಗ ಬಂದ ಮಕ್ಕಳಿಗೆ ನಾವು ಮಾಡಬಹುದಾದದ್ದು ಬಹಳ ಇರುತ್ತದೆ.

ಮೂರು ಮೊಮ್ಮಕ್ಕಳ ಅಜ್ಜಿ

ನೋಡಪ್ಪ, ಇಷ್ಟೊಂದು ಓದಿದವರು ಬರೆದ ಮೇಲೆ ನಾನು ಹೇಳೋದು ಸ್ವಲ್ಪ. ಕಥೆಗೆ ಪುಸ್ತಕ ಇರಲೇಬೇಕು ಅಂತ ಏನಿಲ್ಲ. ಇವತ್ತು ಬೆಳಗ್ಗೆಯಿಂದ ಮಗು ಏನೇನು ಮಾಡಿತು, ಅದನ್ನೇ ರಾತ್ರಿ ಕಥೆ ಮಾಡಿ ಹೇಳು. ‘ಒಂದಾನೊಂದು ಊರಲ್ಲಿ ಒಬ್ಬಳು ಹುಡುಗಿ, ಬೆಳಗ್ಗೆ ಎದ್ದವಳು ಚಪ್ಪಲಿ ಹಾಕ್ಕೊಳ್ಳಲ್ಲ ಅಂತ ಹಠ ಮಾಡಿದ್ಲು’ ಅಂತ ಶುರು ಮಾಡಿದರೆ ಸಾಕು, ಅದು ತನ್ನದೇ ಕಥೆ ಅಂತ ಮಗುಗೆ ತಕ್ಷಣ ತಿಳೀತದೆ, ಕಣ್ಣು ಅಗಲ ಮಾಡ್ಕೊಂಡು ಕೇಳ್ತದೆ. ಮುಂದಿನದನ್ನ ತಾನೇ ಹೇಳ್ತದೆ.

ಪ್ರಾಸ ಇರೋ ಹಾಡು ಹೇಳಿ, ತೊಡೆ ಮೇಲೆ ಕೂರಿಸ್ಕೊಂಡು ಕುಣಿಸಿ. ಮುಖ ಮುಚ್ಚಿ ತೆಗೆಯೋ ಆಟ ಕೂಸಿಗೆ ಎಂಟು ತಿಂಗಳ ಹೊತ್ತಿಗೆ ಎಷ್ಟು ಸಂತೋಷ ಕೊಡ್ತದೆ ಅಂದ್ರೆ, ಕಾಣದೇ ಹೋದದ್ದು ಇಲ್ಲವಾಗಿಲ್ಲ ಅಂತ ಅದಕ್ಕೆ ಆಗ ತಾನೇ ತಿಳೀತಾ ಇರ್ತದೆ. ಪಾತ್ರೆ, ಚಮಚ, ಮುಚ್ಚಳ, ಖಾಲಿ ಡಬ್ಬ ಸಾಕು. ಮೂರು ವರ್ಷದ ಒಳಗಿನ ಮಗುಗೆ ಬಾಯೊಳಗೆ ಹೋಗುವಷ್ಟು ಸಣ್ಣ ಸಾಮಾನು ಮಾತ್ರ ಕೊಡಬೇಡಿ. ಗುಂಡಿ ಬ್ಯಾಟರಿ ಇರೋ ಆಟಿಕೆ ಆದರೆ ಅದರ ಮುಚ್ಚಳ ಸ್ಕ್ರೂ ಹಾಕಿ ಭದ್ರವಾಗಿರಬೇಕು. ಆ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗ್ತದೆ. ನುಂಗಿರಬಹುದು ಅಂತ ಅನುಮಾನ ಬಂದರೂ ಕೂಡಲೇ ಆಸ್ಪತ್ರೆಗೆ ಓಡಬೇಕು, ಕಾಯೋ ಹಾಗಿಲ್ಲ.

ರಾತ್ರಿಪಾಳಿ

ಬ್ರದರ್, ಆ ಒಂದು ಗಂಟೆ ರಾತ್ರಿಯೇ ಇರಬೇಕು ಅಂತ ಯಾಕೆ? ನಾನು ಮನೆಗೆ ಬರೋದು ಬೆಳಗ್ಗೆ. ಮಗ ಎದ್ದು ಹಲ್ಲುಜ್ಜಿದ ಮೇಲೆ ನಮ್ಮದು ಓದು. ಮಲಗೋ ಹೊತ್ತಿನ ಕಥೆ ಅನ್ನೋದು ಒಂದು ರೂಢಿ ಅಷ್ಟೇ. ಸುಸ್ತಾದ ಮಗುಗೆ ರಾತ್ರಿ ಯಾವುದೂ ಬೇಡ ಆಗಿರುತ್ತೆ.

ಊರಾಚೆ ಹೋದಾಗ ವಿಡಿಯೋ ಕಾಲ್‌ನಲ್ಲಿ ಓದ್ತೀನಿ. ಅದು ವಿಡಿಯೋ ತೋರಿಸಿದ ಹಾಗೇ ಆಗುತ್ತಾ ಮೇಡಂ?

ಮಾತಿನ ಥೆರಪಿಸ್ಟ್

ಇಲ್ಲ, ಅದು ಬೇರೆ. 2014ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ 2ರಿಂದ 2½ ವರ್ಷದ ಮಕ್ಕಳು ನೇರ ವಿಡಿಯೋ ಕಾಲ್‌ನಿಂದ ಹೊಸ ಕ್ರಿಯಾಪದ ಕಲಿತರು, ಮೊದಲೇ ಚಿತ್ರೀಕರಿಸಿದ್ದರಿಂದ ಕಲಿಯಲಿಲ್ಲ. ಕಾಲ್‌ನಲ್ಲಿ ನೀವು ಅವನ ಮಾತಿಗೆ ಉತ್ತರ ಕೊಡುತ್ತೀರಿ, ಅವನು ನಕ್ಕರೆ ನೀವೂ ನಗುತ್ತೀರಿ. ಮುಂದುವರಿಸಿ.

ಪುಟ್ಟಿ ಅಪ್ಪ

ಎಲ್ಲರಿಗೂ ಧನ್ಯವಾದ, ಹೆಂಡತಿಯೂ ಪಕ್ಕದಲ್ಲಿ ಕೂತು ಓದಿದಳು. ನಾಯಿಮರಿ ಪುಸ್ತಕದಲ್ಲಿ ಬೇಕಂತಲೇ ‘ಬೆಕ್ಕು’ ಅಂತ ಓದಿದೆ. ಪುಸ್ತಕ ಮುಚ್ಚಿ, ಮುಖಪುಟ ತೋರಿಸಿ, ‘ಅಪ್ಪಾ, ನಾಯಿ!’ ಅಂತ ಜೋರು ಮಾಡಿದಳು. ಈಗ ದಿನಾ ತಪ್ಪು ಓದಬೇಕಂತೆ.

ಇನ್ನೆರಡು ಪ್ರಶ್ನೆ. ಪುಟ ಹರಿದಾಗ ಏನು ಮಾಡ್ತೀರಿ? ಮತ್ತೆ, ಅವಳು ತನ್ನ ಪಾಡಿಗೆ ತಾನು ಬ್ಲಾಕ್ಸ್ ಜೊತೆ ಗೊಣಗಿಕೊಳ್ತಾ ಆಡ್ತಿರ್ತಾಳೆ. ಆಗ ನಾವು ಹೋಗಿ ಸೇರಿಕೊಳ್ಳಬೇಕಾ, ಬಿಡಬೇಕಾ?

ಅವಳಿ ಅಮ್ಮ

ಬಿಟ್ಟುಬಿಡಿ. ತನ್ನಷ್ಟಕ್ಕೆ ತಾನೇ ಆಡೋ ಮಗು ಒಳಗೊಳಗೇ ಏನೋ ಕಟ್ತಾ ಇರುತ್ತೆ, ಮಧ್ಯೆ ಹೋಗಿ ‘ಇದು ಯಾವ ಬಣ್ಣ?’ ಅಂತ ಕೇಳಿದ್ರೆ ಅಲ್ಲಿಗೆ ಎಲ್ಲ ಮುಗಿಯಿತು. ಹತ್ತಿರದಲ್ಲಿ ಕೂತಿರಿ, ಕರೆದ್ರೆ ಹೋಗಿ. ನಮ್ಮ ಅವಳಿಗಳೂ ಎರಡು ವರ್ಷದಲ್ಲಿ ಪಕ್ಕಪಕ್ಕ ಕೂತು ಬೇರೆ ಬೇರೆ ಆಟ ಆಡ್ತಿದ್ರು, ಒಬ್ಬರಿಗೊಬ್ಬರು ಸೇರ್ತಿಲ್ಲ ಅಂತ ಎಲ್ಲರಿಗೂ ಚಿಂತೆ. ಮಿಲ್ಡ್ರೆಡ್ ಪಾರ್ಟನ್ ಅನ್ನೋ ಸಂಶೋಧಕಿ 1932ರಲ್ಲೇ ಇದನ್ನ ಗುರುತಿಸಿ ಬರೆದಿದ್ದಾರೆ: ಒಂಟಿ ಆಟ, ಪಕ್ಕಪಕ್ಕದ ಆಟ, ಆಮೇಲೆ ಕೂಡಿ ಆಡೋದು. ಈಗ ನಾಲ್ಕು ವರ್ಷ, ಇಬ್ಬರೂ ಸೇರಿ ಬಸ್ ಓಡಿಸ್ತಾರೆ, ನನಗೆ ಟಿಕೆಟ್ ಹರಿದು ಕೊಡ್ತಾರೆ.

ಪುಟ ಹರಿದರೆ ಟೇಪ್ ಕೊಡಿ, ಇಬ್ಬರೂ ಕೂತು ಅಂಟಿಸಿ. ಗದರಬೇಡಿ. ದಪ್ಪ ರಟ್ಟಿನ ಬೋರ್ಡ್ ಬುಕ್ ಕೈಗೆ, ತೆಳು ಹಾಳೆಯದು ನೀವು ಜೊತೆಗಿದ್ದಾಗ.

ಕೇಳಿ ಕಲಿತವಳು

ನನಗೆ ಓದಕ್ಕೆ ಬರೆಯಕ್ಕೆ ಬರಲ್ಲ. ಫೋನಿಗೆ ಮಾತಾಡಿ ಬರೆಸ್ತಾ ಇದ್ದೀನಿ, ನಿಮ್ಮದೆಲ್ಲ ಫೋನೇ ಓದಿ ಹೇಳ್ತು. ನನ್ನ ಮಗಳಿಗೆ ಮೂರು ವರ್ಷ. ಪುಸ್ತಕ ತಗೊಂಡು ಬಂದು ಮಡಿಲಲ್ಲಿ ಕೂರ್ತಾಳೆ, ಓದು ಅಂತಾಳೆ. ನಾನು ಚಿತ್ರ ನೋಡಿ ಏನೋ ಒಂದು ಹೇಳ್ತೀನಿ. ಬರೆದಿರೋದು ಬೇರೆ ಇರುತ್ತೆ, ನಾನು ಹೇಳೋದು ಬೇರೆ. ಮಗುಗೆ ತಪ್ಪು ಕಲಿಸಿದ ಹಾಗೆ ಆಗುತ್ತಾ? ನಿಲ್ಲಿಸಬೇಕಾ?

ಶಿಶುವಿಹಾರದ ಟೀಚರ್

ಅಕ್ಕ, ನಿಲ್ಲಿಸಬೇಡಿ. ಖಂಡಿತ ನಿಲ್ಲಿಸಬೇಡಿ. ನಾನು ಮೇಲೆ ಪುಟ್ಟಿ ಅಪ್ಪನಿಗೆ ‘ಸಾಲುಗಳನ್ನು ಬಿಡಿ, ಚಿತ್ರ ನೋಡಿ ಮಾತಾಡಿ’ ಅಂತ ಹೇಳಿದ್ದು ಏನೋ, ಅದನ್ನೇ ನೀವು ಮಾಡುತ್ತಿದ್ದೀರಿ. ಕಥೆಗೆ ಮೊದಲು, ನಡು, ಕೊನೆ ಇರುತ್ತದೆ, ಪುಟ ಒಂದೊಂದಾಗಿ ತಿರುಗುತ್ತದೆ, ಚಿತ್ರಕ್ಕೆ ಅರ್ಥ ಇರುತ್ತದೆ ಅಂತ ನಿಮ್ಮ ಮಗಳು ನಿಮ್ಮ ಮಡಿಲಲ್ಲೇ ಕಲಿತಾಗಿದೆ. ಬರೀ ಚಿತ್ರಗಳಿರುವ, ಅಕ್ಷರವೇ ಇಲ್ಲದ ಪುಸ್ತಕಗಳೂ ಸಿಗುತ್ತವೆ. ನಮ್ಮ ಶಿಶುವಿಹಾರದಲ್ಲಿ ಓದಲು ಬರುವ ನಾವೂ ಅವನ್ನು ಬೇಕೆಂದೇ ಬಳಸುತ್ತೇವೆ, ಮಕ್ಕಳಿಂದ ಅತಿ ಹೆಚ್ಚು ಮಾತು ಹೊರಡುವುದು ಅವುಗಳಿಂದಲೇ.

‘ಬರೆದಿರೋದು ಏನು ಅಂತ ನೋಡೋಣ’ ಅಂತ ಮನೆಗೆ ಬಂದ ಓದು ಬಲ್ಲವರಿಂದ ಒಮ್ಮೆ ಓದಿಸಿ. ಆಮೇಲೆ ‘ಅವರದು ಒಂದು ಕಥೆ, ಅಮ್ಮಂದು ಒಂದು ಕಥೆ’ ಅನ್ನಿ. ಎರಡೂ ಅವಳದಾಗುತ್ತವೆ.

ಮಾತಿನ ಥೆರಪಿಸ್ಟ್

ಟೀಚರ್ ಮಾತಿಗೆ ಒಂದೇ ಸೇರಿಸುತ್ತೇನೆ ಅಕ್ಕ. 2018ರಲ್ಲಿ ಅಮೆರಿಕದಲ್ಲಿ 4ರಿಂದ 6 ವರ್ಷದ ಮಕ್ಕಳ ಮನೆಯ ಮಾತನ್ನು ದಾಖಲಿಸಿ, ಅವರು ಕಥೆ ಕೇಳುವಾಗ ಮಿದುಳಿನ ಚಟುವಟಿಕೆ ನೋಡಿದರು. ಮಗು ಒಂದು ಮಾತು, ದೊಡ್ಡವರು ಒಂದು ಮಾತು ಹೀಗೆ ಮಾತು ಅತ್ತಿತ್ತ ಎಷ್ಟು ಸಲ ಓಡಾಡಿತ್ತೋ, ಭಾಷೆಗೆ ಸಂಬಂಧಪಟ್ಟ ಭಾಗ ಅಷ್ಟು ಚುರುಕಾಗಿತ್ತು. ಮನೆಯ ವರಮಾನ, ತಂದೆತಾಯಿಯ ಓದು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಆ ಸಂಬಂಧ ಹಾಗೇ ಇತ್ತು. ನಿಮ್ಮ ಮನೆಮಾತು ಯಾವುದೋ ಅದರಲ್ಲೇ ಮಾತಾಡಿ, ಧಾರಾಳವಾಗಿ ಮಾತಾಡಿ.

ಅಕ್ಷರ ಮೊದಲು

ಕೇಳಿ ಕಲಿತವಳು ಅವರ ಮಾತು ಓದಿ ಸಂತೋಷವಾಯ್ತು. ಅಕ್ಷರ ಬೇಕು ಅನ್ನೋ ನನ್ನ ನಿಲುವೇನೂ ಬದಲಾಗಿಲ್ಲ, ಆದರೆ ಒಂದು ಸಲಹೆ ಇದೆ. ಮಗುವಿನ ಹೆಸರಿನಿಂದ ಶುರು ಮಾಡಿ. ನನ್ನ ಮಗ ಮೊದಲು ಗುರುತು ಹಿಡಿದದ್ದು ತನ್ನ ಹೆಸರಿನ ಮೊದಲ ಅಕ್ಷರವನ್ನೇ, ಎಲ್ಲಿ ಕಂಡರೂ ‘ನಂದು’ ಅಂತಿದ್ದ. ಮಗು ‘ಇದೇನು’ ಅಂತ ಕೇಳಿದಾಗ ತೋರಿಸೋದಕ್ಕೆ ಯಾರದ್ದೂ ತಕರಾರು ಇರಲಾರದು. ಅಕ್ಕ, ನಿಮಗೆ ಇಷ್ಟ ಇದ್ದರೆ ಮಗಳ ಜೊತೆಗೇ ನೀವೂ ಅವಳ ಹೆಸರಿನ ಅಕ್ಷರಗಳಿಂದ ಶುರು ಮಾಡಬಹುದು.

ಕೇಳಿ ಕಲಿತವಳು

ಆಗಲಿ ಅಣ್ಣ. ಅವಳ ಹೆಸರು ಮೂರೇ ಅಕ್ಷರ.

ರಾತ್ರಿಪಾಳಿ

ಮನೆಗೆ ಎರಡನೇ ಕೂಸು ಬರ್ತಿದೆ. ದೊಡ್ಡವನಿಗೆ ಆಗ ಐದು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಓದೋದು ಆಗುತ್ತಾ?

ಮೂರು ಮೊಮ್ಮಕ್ಕಳ ಅಜ್ಜಿ

ಆಗ್ತದಪ್ಪ. ಕೂಸು ಮಡಿಲಲ್ಲಿ, ದೊಡ್ಡವನು ಪಕ್ಕದಲ್ಲಿ. ಓದೋ ಪುಸ್ತಕ ದೊಡ್ಡವನದೇ ಇರಲಿ, ಕೂಸಿಗೆ ಬೇಕಾದ್ದು ನಿನ್ನ ದನಿ. ಹುಟ್ಟಿದ ಹೊಸದರಲ್ಲಿ ಅದಕ್ಕೆ ಒಂದು ಗೇಣಿನಷ್ಟು ದೂರ ಮಾತ್ರ ಸರಿಯಾಗಿ ಕಾಣ್ತದೆ, ನಿನ್ನ ಮುಖ ಅಷ್ಟರಲ್ಲೇ ಇರ್ತದೆ. ದೊಡ್ಡವನಿಗೆ ‘ತಮ್ಮನಿಗೋ ತಂಗಿಗೋ ನೀನು ಚಿತ್ರ ತೋರಿಸು’ ಅಂತ ಪುಟ ತಿರುಗಿಸೋ ಕೆಲಸ ಕೊಡು. ಆದರೆ ದಿನದಲ್ಲಿ ಸ್ವಲ್ಪ ಹೊತ್ತು, ಕೂಸು ಮಲಗಿದ್ದಾಗ, ಅವನೊಬ್ಬನ ಜೊತೆಗೇ ಕೂರು. ಆ ಹೊತ್ತನ್ನ ಬೇರೆ ಕೆಲಸಕ್ಕೆ ಬಿಟ್ಟುಕೊಡಬೇಡ.